ಹಸಿ ಹಿಡಿದ ನೆಲ: ಗಡಿಸೀಮೆಯ ಕ್ರೈಸ್ತ ಶ್ರದ್ಧೆ ಕಷ್ಟವನ್ನು ಎದುರಿಸಿದ ಬಗೆ

ಕನ್ನಡ-ಮರಾಠಿ ಗಡಿಯ ಜತ್ತ ತಾಲ್ಲೂಕಿನ ರೈತರಿಗೆ ಮಳೆಯಷ್ಟೇ ಹಸಿಯ ಲೆಕ್ಕವೂ ಗೊತ್ತು. ಬೋರ್ ನದಿಯ ದಂಡೆಯ ಎರಿ ಹೊಲದಲ್ಲಿ ಹಿಂಗಾರಿ ಬಿಳಿಜೋಳ ಬಿತ್ತಿದ ಮೇಲೆ ಮುಗಿಲು ಮುಖ ತಿರುಗಿಸಿದರೂ ತೆನೆ ಬರುವುದುಂಟು. ನೆಲ ತನ್ನೊಳಗೆ ಹಿಡಿದಿಟ್ಟ ಹಸಿ ಅದನ್ನು ಬದುಕಿಸುತ್ತದೆ. ಹಸಿಯಿಲ್ಲದ ಮಡ್ಡಿಯಲ್ಲಿ ಅದೇ ಬಿಸಿಲು ಬೆಳೆಯನ್ನು ಸುಟ್ಟುಬಿಡುತ್ತದೆ. ಕಷ್ಟ ಬಂದರೆ ಮನುಷ್ಯ ಗಟ್ಟಿಯಾಗುತ್ತಾನೆ ಎಂದು ಯಾರಾದರೂ ಹೇಳಿದಾಗ ನನಗೆ ಈ ಎರಡು ಹೊಲಗಳು ನೆನಪಾಗುತ್ತವೆ.

ಪೌಲನು ರೋಮಾಪುರದ ಸಭೆಗೆ ಬರೆದ ಪತ್ರದಲ್ಲಿ ಸಂಕಟದಿಂದ ತಾಳ್ಮೆಗೆ, ತಾಳ್ಮೆಯಿಂದ ಪಳಗಿದ ಗುಣಕ್ಕೆ, ಅಲ್ಲಿಂದ ನಿರೀಕ್ಷೆಗೆ ಹತ್ತುವ ಮೆಟ್ಟಿಲು ಇದೆ. ಈ ಮೆಟ್ಟಿಲನ್ನು ಕನ್ನಡ-ಮರಾಠಿ ಗಡಿಯ ಕ್ರೈಸ್ತರು ಕಳೆದ ನೂರೈವತ್ತು ವರ್ಷಗಳಲ್ಲಿ ಹೇಗೆ ಹತ್ತಿದರು ಎಂದು ನೋಡಿದರೆ, ಅವರ ಹಸಿ ಎಲ್ಲಿತ್ತು ಎಂಬುದೂ ತಿಳಿಯುತ್ತದೆ.

ಕ್ಷಾಮದ ಕಾಲ

ಜತ್ತ ಆಗ ಡಫಳೆ ಮನೆತನದ ಪುಟ್ಟ ಸಂಸ್ಥಾನ. 1876-78ರ ಮಹಾಕ್ಷಾಮ ದಖ್ಖನ್ ಸೀಮೆಯನ್ನೆಲ್ಲ ಹಿಂಡಿತು. ಜತ್ತಕ್ಕೆ ಹೊಂದಿಕೊಂಡ ಕಲಾದಗಿ ಜಿಲ್ಲೆಯಲ್ಲಿ, ಅಂದರೆ ಮುಂದಿನ ಬಿಜಾಪುರ ಜಿಲ್ಲೆಯಲ್ಲಿ, ಎಂಟು ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ ಆರೂವರೆ ಲಕ್ಷಕ್ಕೂ ಕೆಳಗಿಳಿಯಿತು. 1834ರಲ್ಲಿ ಮಂಗಳೂರಿಗೆ ಬಂದಿದ್ದ ಬಾಸೆಲ್ ಮಿಶನ್ ಅಷ್ಟರಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲಿ ನೆಲೆಯೂರಿತ್ತು. ಹಸಿದವರಿಗೆ ಗಂಜಿ, ತಬ್ಬಲಿ ಮಕ್ಕಳಿಗೆ ಮನೆ ಎಂಬ ಸೇವೆ ಅದರ ಕೆಲಸದ ಭಾಗವಾಯಿತು.

ಆದರೆ ಆ ಕಾಲದ ಕ್ಷಾಮಗಳಿಗೆ ಸಿಕ್ಕ ದೊಡ್ಡ ಉತ್ತರ ಪಂಡಿತಾ ರಮಾಬಾಯಿ. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ. ಪುರಾಣ ಹೇಳುತ್ತ ಊರೂರು ಅಲೆಯುತ್ತಿದ್ದ ಆ ಕುಟುಂಬದಲ್ಲಿ ತಂದೆ, ತಾಯಿ, ಅಕ್ಕ ಮೂವರೂ 1870ರ ದಶಕದ ಕ್ಷಾಮಕ್ಕೆ ಬಲಿಯಾದರು. 1882ರಲ್ಲಿ ಗಂಡನೂ ತೀರಿಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. 1896-97ರಲ್ಲಿ ಮತ್ತೆ ಬರ ಬಿತ್ತು. ಹಸಿವಿಗೆ ಸಿಕ್ಕ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಸ್ವತಃ ಹೋಗಿ ಕರೆತಂದರು. ಪುಣೆ ಜಿಲ್ಲೆಯ ಕೇಡಗಾವದಲ್ಲಿ ಮುಕ್ತಿ ಮಿಶನ್ ಬೆಳೆದದ್ದು ಹೀಗೆ. 1900ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಮಿಕ್ಕಿ ಜನ ಉಣ್ಣುತ್ತಿದ್ದರು, ಓದುತ್ತಿದ್ದರು, ಕೈಕಸುಬು ಕಲಿಯುತ್ತಿದ್ದರು. ರಮಾಬಾಯಿ ಮತ್ತು ಮಗಳು ಮನೋರಮಾ ಆಮೇಲೆ ಕಲಬುರಗಿಯಲ್ಲೂ ಶಾಲೆ ತೆರೆದರು. 1921ರಲ್ಲಿ ಆ ಮಗಳೂ ಹೋದಳು. ತಾಯಿ ಮರಾಠಿ ಸತ್ಯವೇದದ ಅನುವಾದದ ಕೆಲಸವನ್ನು ಕೈಬಿಡಲಿಲ್ಲ. 1922ರಲ್ಲಿ ಅವರು ಕಣ್ಣು ಮುಚ್ಚಿದರು.

ರಮಾಬಾಯಿ ತಮ್ಮ ದುಃಖವನ್ನು ಮರೆತು ದೊಡ್ಡವರಾಗಲಿಲ್ಲ. ಅನ್ನವಿಲ್ಲದೆ ತನ್ನವರು ಸತ್ತದ್ದನ್ನು ಕಂಡವಳಿಗೆ ಅನ್ನವಿಲ್ಲದ ಮಗುವಿನ ಕಣ್ಣು ಓದಲು ಬರುತ್ತಿತ್ತು. ಅವರ ಪ್ರಾರ್ಥನೆ ಆ ಓದನ್ನು ಕೆಲಸವಾಗಿ ಮಾಡಿತು.

ದವಾಖಾನೆಯ ಕಾಲ

ಬರದ ಬೆನ್ನಿಗೆ ರೋಗ ಬಂತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿದ ಪ್ಲೇಗು ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿಗಳನ್ನೂ ಮುಟ್ಟಿತು. ಜತ್ತದಿಂದ ಪಶ್ಚಿಮಕ್ಕೆ ಇರುವ ಮಿರಜದಲ್ಲಿ ಕೆನಡಾ ಮೂಲದ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ಆರಂಭಿಸಿದ್ದರು. ಮಿರಜ ರೈಲು ಜಂಕ್ಷನ್ ಆದ್ದರಿಂದ ಕನ್ನಡ, ಮರಾಠಿ ಎರಡೂ ಸೀಮೆಯ ರೋಗಿಗಳು ಅಲ್ಲಿ ಇಳಿದರು. 1897ರಲ್ಲಿ ವೈದ್ಯಕೀಯ ಶಾಲೆ, 1900ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ, 1920ರಲ್ಲಿ ವಾನ್ಲೆಸ್‌ವಾಡಿಯ ಕ್ಷಯ ಚಿಕಿತ್ಸಾಲಯ ಹೀಗೆ ಒಂದರ ಬೆನ್ನಿಗೊಂದು ಬಂದವು.

ಇಲ್ಲಿ ಒಂದು ಬದಲಾವಣೆ ಕಾಣುತ್ತದೆ. ಕುಷ್ಠವನ್ನು ಪಾಪದ ಫಲವೆಂದು, ಕ್ಷಯವನ್ನು ಹಣೆಬರಹವೆಂದು ಜನ ನಂಬಿದ್ದ ಕಾಲವದು. ಊರ ಹೊರಗೆ ಹಾಕಿದವನ ಗಾಯವನ್ನು ತೊಳೆದು ಪಟ್ಟಿ ಕಟ್ಟಿದ ಕೈಗಳು, ಅವನ ನೋವು ಶಿಕ್ಷೆಯಲ್ಲ ಎಂದು ಮಾತಿಲ್ಲದೆ ತಿಳಿಸಿದವು. ಅದನ್ನು ನಂಬಿದವನಿಗೆ ಅರ್ಧ ಬಲ ಅಲ್ಲೇ ಮರಳುತ್ತದೆ.

ಸ್ವಂತ ಕಾಲಿನ ಕಾಲ

ಹೊರಗಿನ ಆಸರೆ ಒಂದು ದಿನ ತಪ್ಪಿತು. 1914ರ ಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರಕಾರ ಬಂಧಿಸಿ ಅಹಮದನಗರದ ಶಿಬಿರದಲ್ಲಿಟ್ಟಿತು. ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ, ನೇಯ್ಗೆಯ ಉದ್ಯಮಗಳು ಅದರ ಕೈತಪ್ಪಿದವು. ಜಾತಿ, ಮನೆ, ಕುಲಕಸುಬು ಬಿಟ್ಟು ಬಂದಿದ್ದವರಿಗೆ ಅದು ಎರಡನೆಯ ಸಲ ನೆಲೆ ತಪ್ಪಿದ ಅನುಭವ. ಆಗ ಸಭೆಗಳ ಭಾರ ಸ್ಥಳೀಯ ಪಾಲಕರ ಹೆಗಲೇರಿತು. ಆ ಪೀಳಿಗೆಯವರೇ ರೆವರೆಂಡ್ ಉತ್ತಂಗಿ ಚನ್ನಪ್ಪ. ಅವರು ಪಾಲಕರಾಗಿದ್ದುಕೊಂಡೇ 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿದರು, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕ್ರೈಸ್ತ ಶ್ರದ್ಧೆ ಕನ್ನಡದ ನೆಲದಲ್ಲೇ ಬೇರು ಬಿಟ್ಟು ನಿಲ್ಲಬಲ್ಲದು ಎಂಬುದಕ್ಕೆ ಅವರ ಬದುಕು ಸಾಕ್ಷಿ. 1947ರಲ್ಲಿ ದಕ್ಷಿಣ ಭಾರತ ಸಭೆ, 1970ರಲ್ಲಿ ಉತ್ತರ ಭಾರತ ಸಭೆ ರೂಪುಗೊಂಡವು. ಗಡಿಯ ಈಚೆ ಆಚೆಯ ಸಭೆಗಳು ತಮ್ಮ ಮನೆಯನ್ನು ತಾವೇ ನಡೆಸತೊಡಗಿದವು.

ಪ್ರಶ್ನೆಯ ಕಾಲ

ತಾಳಿಕೋ ಎಂಬ ಮಾತಿಗೆ ಒಂದು ಅಪಾಯವೂ ಇದೆ. ಅನ್ಯಾಯ ಮಾಡುವವನಿಗೆ ಅದು ಅನುಕೂಲದ ಮಾತು. 1950ರ ರಾಷ್ಟ್ರಪತಿ ಆದೇಶ ಕ್ರೈಸ್ತರಾದ ದಲಿತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆದರೂ ಇವರಿಗೆ ತೆರೆಯಲಿಲ್ಲ. ಸಭೆಯ ಒಳಗೂ ಜಾತಿ ಪೂರ್ತಿ ಸಾಯಲಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ದಲಿತ ದೇವಶಾಸ್ತ್ರದ ಮಾತೆತ್ತಿದರು. ದಲಿತನ ನೋವಿನಿಂದಲೇ ದೇವರ ವಿಚಾರ ಹೊರಡಬೇಕು ಎಂಬ ನಿಲುವು ಅದು. ಇದು ಸತ್ಯವೇದಕ್ಕೆ ಹೊಸದಲ್ಲ. ಯೋಬನು ದೇವರನ್ನೇ ಎದುರಿಗೆ ನಿಲ್ಲಿಸಿ ಕೇಳಿದ. ಕೊನೆಗೆ ದೇವರು ಕೋಪಗೊಂಡದ್ದು, ತಪ್ಪು ನಿನ್ನದೇ ಎಂದು ಯೋಬನಿಗೆ ಉಪದೇಶಿಸಿದ ಗೆಳೆಯರ ಮೇಲೆ.

ಮನಶ್ಶಾಸ್ತ್ರವೂ ಇತ್ತೀಚೆಗೆ ಇದೇ ದಾರಿಗೆ ಬಂದಿದೆ. 1990ರ ದಶಕದಲ್ಲಿ ಅಮೆರಿಕದ ಟೆಡೆಸ್ಕಿ ಮತ್ತು ಕ್ಯಾಲ್‌ಹೂನ್ ಆಘಾತದ ನಂತರದ ಬೆಳವಣಿಗೆಯನ್ನು ಅಳೆಯಲು ಹೊರಟರು. ಕೆನೆತ್ ಪಾರ್ಗಮೆಂಟ್ ಶ್ರದ್ಧೆಯ ಪಾತ್ರವನ್ನು ನೋಡಿದರು. ದೇವರು ಜೊತೆಗಿದ್ದಾನೆ ಎಂದುಕೊಂಡವರು ಚೇತರಿಸಿಕೊಳ್ಳುವುದು ಹೆಚ್ಚು. ದೇವರು ದಂಡಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಎಂದುಕೊಂಡವರು ಕುಸಿಯುವುದು ಹೆಚ್ಚು. ಮಿರಜದ ಕುಷ್ಠರೋಗಿಯ ವಾರ್ಡಿನಲ್ಲಿ ನೂರು ವರ್ಷ ಮೊದಲೇ ಕಾಣುತ್ತಿದ್ದ ಸತ್ಯವಿದು.

ಇಂದು

ಜತ್ತದ ಪೂರ್ವ ಭಾಗದ ಕನ್ನಡ ಹಳ್ಳಿಗಳು ಮ್ಹೈಸಾಳ ಏತ ನೀರಾವರಿಯ ಕೃಷ್ಣೆಯ ನೀರಿಗಾಗಿ ದಶಕಗಟ್ಟಲೆ ಕಾದಿವೆ. ಸುಗ್ಗಿ ಕೈಕೊಟ್ಟ ವರ್ಷ ಕಬ್ಬು ಕಡಿಯುವ ಟೋಳಿಗಳು ಊರು ಬಿಡುತ್ತವೆ. ಮನೆಯಲ್ಲಿ ಉಳಿಯುವವರು ಮುದುಕರು, ಶಾಲೆಗೆ ಹೋಗುವ ಮಕ್ಕಳು. ಇಲ್ಲಿ ಶ್ರದ್ಧೆಯ ಬಲವನ್ನು ಅಳೆಯಲು ಭಾನುವಾರದ ಹಾಡು ಸಾಲದು. ಊರು ಬಿಟ್ಟವರ ಮಗುವಿಗೆ ಆ ರಾತ್ರಿ ಯಾರ ಒಲೆಯ ರೊಟ್ಟಿ ಸಿಕ್ಕಿತು, ಮುದುಕಿಯನ್ನು ದವಾಖಾನೆಗೆ ಯಾರು ಕರೆದೊಯ್ದರು, ಬಾರದ ನೀರಿನ ಬಗ್ಗೆ ಕಚೇರಿಯಲ್ಲಿ ಯಾರು ಕೇಳಿದರು ಎಂದು ನೋಡಬೇಕು.

ಕ್ಷಾಮ ರಮಾಬಾಯಿಯನ್ನು ಬೆಳೆಸಲಿಲ್ಲ. ಅದು ಅವರ ಮನೆಯನ್ನೇ ತಿಂದಿತು. ಅವರನ್ನು ಬೆಳೆಸಿದ್ದು ದೇವರು ಕೈಬಿಡಲಿಲ್ಲ ಎಂಬ ನಂಬಿಕೆ, ಮತ್ತು ಆ ನಂಬಿಕೆಯಿಂದ ಇನ್ನೊಬ್ಬರ ಮಗುವಿಗೆ ಚಾಚಿದ ಕೈ. ಅದೇ ಹಸಿ. ಜತ್ತದ ಬಿಸಿಲಿನಲ್ಲಿ ಅದನ್ನು ಒಬ್ಬರಿಗೊಬ್ಬರು ಕಾಯ್ದುಕೊಟ್ಟವರೇ ತೆನೆ ಕಂಡಾರು.