ಮನೆ ಮೌಲ್ಯಮಾಪನ ವರದಿಯ ನಮೂನೆಗಳು: ಧಾರವಾಡ ಸೀಮೆಯ ಇತಿಹಾಸ

ಮನೆ ಅಥವಾ ನಿವೇಶನದ ಬೆಲೆಯನ್ನು ಸ್ಥಳಪರಿಶೀಲನೆಯಿಂದ ಗೊತ್ತುಪಡಿಸಿ ಬ್ಯಾಂಕು, ತೆರಿಗೆ ಇಲಾಖೆ ಅಥವಾ ನ್ಯಾಯಾಲಯಕ್ಕೆ ಒಪ್ಪಿಸುವ ಬರಹವೇ ಮೌಲ್ಯಮಾಪನ ವರದಿ. ಅದನ್ನು ಬರೆಯುವವರನ್ನು ಜನ ವ್ಯಾಲ್ಯುವರ್ ಎಂದೇ ಕರೆಯುತ್ತಾರೆ. ಇವರಲ್ಲಿ ಹೆಚ್ಚಿನವರು ಸಿವಿಲ್ ಎಂಜಿನಿಯರುಗಳು. ಧಾರವಾಡ ಸೀಮೆಯಲ್ಲಿ ಹೊಲದ ಮೌಲ್ಯ ಬರೆಯಲು ಸಿದ್ಧ ನಮೂನೆ 1840ರ ದಶಕದಲ್ಲೇ ಬಂದಿತ್ತು. ನಗರದ ಮನೆಗೆ ಅದು ಬಂದದ್ದು 1970ರ ದಶಕದಲ್ಲಿ. ಧಾರವಾಡ ತಾಲ್ಲೂಕಿನ ಗರಗದಂಥ ಊರಿನ ಗ್ರಾಮಠಾಣಾ (ಹಳ್ಳಿಯ ಜನವಸತಿ ಜಾಗದ) ಮನೆಗೆ ಗಣಕೀಕೃತ ದಾಖಲೆ ಸಿಗತೊಡಗಿದ್ದು 2013ರ ನಂತರ. ಈ ಅಂತರದ ಪರಿಣಾಮ ವ್ಯಾಲ್ಯುವರರ ಕೆಲಸದಲ್ಲಿ ಇಂದಿಗೂ ಕಾಣುತ್ತದೆ.

ಹೊಲಕ್ಕೆ ಆಣೆ, ಮನೆಗೆ ಏನೂ ಇಲ್ಲ

ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ ಕಂದಾಯ ಭೂಮಾಪನವನ್ನು ನಡೆಸಿದವರಲ್ಲಿ ಜಾರ್ಜ್ ವಿಂಗೇಟ್ ಮುಖ್ಯ. ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಸೇರಿ ಬರೆದ 1847ರ ಜಂಟಿ ವರದಿ ಈ ಪದ್ಧತಿಗೆ ಖಚಿತ ರೂಪ ಕೊಟ್ಟಿತು. ಮಣ್ಣನ್ನು ಒಂಬತ್ತು ದರ್ಜೆಗಳಾಗಿ ವಿಂಗಡಿಸಿ, ಮೊದಲ ದರ್ಜೆಗೆ 16 ಆಣೆ, ಕಡೆಯದಕ್ಕೆ 2 ಆಣೆ ಎಂದು ಇಡಲಾಯಿತು. ಹೊಲದ ನಕ್ಷೆಯಲ್ಲಿ ಮಣ್ಣಿನ ದೋಷಗಳಿಗೆ ಒಂದೊಂದು ಗುರುತು. ಒಂದು ದೋಷ ಕಂಡರೆ ಒಂದು ದರ್ಜೆ ಇಳಿಕೆ. ಹೊಲ ನೋಡಿದ ವರ್ಗೀಕರಣಕಾರ ಪ್ರಬಂಧ ಬರೆಯಬೇಕಿರಲಿಲ್ಲ, ಗುರುತು ಹಾಕಿದರೆ ಸಾಕಿತ್ತು. ಮೇಲಧಿಕಾರಿ ಹೊಲಕ್ಕೆ ಬಂದು ಅದೇ ಗುರುತನ್ನು ತಾಳೆ ನೋಡಬಹುದಿತ್ತು.

ಈ ಅಳತೆ ಊರ ಹೊರಗಿನ ಜಮೀನಿಗಷ್ಟೇ ಸೀಮಿತವಾಗಿತ್ತು. ಜನ ವಾಸಿಸುವ ಗಾವಠಾಣಕ್ಕೆ, ಅಂದರೆ ಗ್ರಾಮಠಾಣಾಕ್ಕೆ, ಕಂದಾಯವಿಲ್ಲದ್ದರಿಂದ ಅದರೊಳಗಿನ ಮನೆಗಳನ್ನು ಒಂದೊಂದಾಗಿ ಅಳೆಯುವ ಗೋಜಿಗೆ ಸರ್ಕಾರ ಹೋಗಲಿಲ್ಲ. ಧಾರವಾಡ, ಹುಬ್ಬಳ್ಳಿ ಪಟ್ಟಣಗಳಲ್ಲಿ ಮುಂದೆ ಮುಂಬಯಿ ಪದ್ಧತಿಯ ಸಿಟಿ ಸರ್ವೆ ನಡೆದು ಆಸ್ತಿಗಳಿಗೆ ಸಿಟಿಎಸ್ ನಂಬರು ಬಿತ್ತು; ಸಿಟಿಎಸ್ ಉತಾರವನ್ನು ಬ್ಯಾಂಕುಗಳು ಈಗಲೂ ಕೇಳುತ್ತವೆ. ಹಳ್ಳಿಯ ಮನೆ ಮಾತ್ರ ಪಂಚಾಯಿತಿಯ ತೆರಿಗೆ ಪುಸ್ತಕದ ಒಂದು ಸಾಲಾಗಿ ಉಳಿಯಿತು. ಅದರ ವಿಸ್ತಾರವನ್ನು ಜನ ಹೇಳುತ್ತಿದ್ದುದು ಅಂಕಣದ (ಕಂಬಗಳ ನಡುವಿನ ಜಾಗದ) ಲೆಕ್ಕದಲ್ಲಿ.

ತೆರಿಗೆಗಾಗಿ ಬಂದ ನಮೂನೆ

ಮನೆಯ ಮೌಲ್ಯಮಾಪನಕ್ಕೆ ದೇಶವ್ಯಾಪಿ ನಮೂನೆ ಹುಟ್ಟಿದ್ದು 1957ರ ಸಂಪತ್ತು ತೆರಿಗೆ ಕಾಯ್ದೆಯ ಆಶ್ರಯದಲ್ಲಿ. ಕಪ್ಪುಹಣದ ಬಗ್ಗೆ ಪರಿಶೀಲಿಸಿದ ವಾಂಛೂ ಸಮಿತಿಯ ವರದಿಯ ನಂತರ, 1972ರ ತಿದ್ದುಪಡಿಯಲ್ಲಿ 34ಎಬಿ ಕಲಂ ಸೇರಿ ನೋಂದಾಯಿತ ವ್ಯಾಲ್ಯುವರ್ ಎಂಬ ವರ್ಗ ಕಾನೂನಿನಲ್ಲಿ ಮೂಡಿತು. ಅವರು ಸ್ಥಿರಾಸ್ತಿಗೆ ಬರೆಯಬೇಕಾದ ವರದಿಗೆ ಒ-1 ಎಂಬ ನಮೂನೆ ಗೊತ್ತಾಯಿತು. ಅದರ ಮೊದಲ ಭಾಗ ಪ್ರಶ್ನಾವಳಿ: ರಸ್ತೆ ಸಂಪರ್ಕ, ಸ್ವಂತ ಹಕ್ಕೋ ಲೀಸೋ, ಬಾಡಿಗೆದಾರರು ಯಾರು, ತೆರಿಗೆ ಎಷ್ಟು, ಸುತ್ತಲಿನ ಮಾರಾಟಗಳೇನು, ಕಟ್ಟಿದ ವರ್ಷ ಯಾವುದು. ಎರಡನೆಯ ಭಾಗದಲ್ಲಿ ವ್ಯಾಲ್ಯುವರ್ ತಾನು ಹಿಡಿದ ದಾರಿಯನ್ನು ವಿವರಿಸಿ ಬೆಲೆ ಹೇಳಬೇಕಿತ್ತು. ಅಲ್ಲಿಯತನಕ ತಮ್ಮ ಲೆಟರ್‌ಹೆಡ್ಡಿನ ಮೇಲೆ ತೋಚಿದ ಕ್ರಮದಲ್ಲಿ ಬರೆಯುತ್ತಿದ್ದ ಎಂಜಿನಿಯರುಗಳಿಗೆ ಇದು ಮೊದಲ ಕಟ್ಟುಪಾಡು.

ಬಾಡಿಗೆಯಿಂದ ಬೆಲೆ ತೆಗೆಯುವ ಲೆಕ್ಕವೂ ಸಿದ್ಧಸೂತ್ರವಾಯಿತು. ಕಾಯ್ದೆಯ ಮೂರನೇ ಅನುಸೂಚಿಯ ಪ್ರಕಾರ, ಸ್ವಂತ ಜಾಗದ ಮನೆಯಾದರೆ ನಿವ್ವಳ ವಾರ್ಷಿಕ ಬಾಡಿಗೆಯ 12.5 ಪಟ್ಟು, ಲೀಸಿನ ಜಾಗದಲ್ಲಿದ್ದು ಅವಧಿ 50 ವರ್ಷ ಅಥವಾ ಹೆಚ್ಚು ಉಳಿದಿದ್ದರೆ 10 ಪಟ್ಟು, ಅದಕ್ಕಿಂತ ಕಡಿಮೆ ಇದ್ದರೆ 8 ಪಟ್ಟು. ಸಂಪತ್ತು ತೆರಿಗೆ 2015ರ ಹಣಕಾಸು ಕಾಯ್ದೆಯೊಂದಿಗೆ ರದ್ದಾಯಿತಾದರೂ ವರದಿಯ ಅಗತ್ಯ ತಪ್ಪಲಿಲ್ಲ. ಬಂಡವಾಳ ಲಾಭದ ತೆರಿಗೆಗೆ ಆಧಾರ ದಿನ 1981ರಿಂದ 2001ರ ಏಪ್ರಿಲ್ 1ಕ್ಕೆ ಸರಿದ ಮೇಲೆ, ಪಿತ್ರಾರ್ಜಿತ ಮನೆ ಮಾರಿದವರು ಆ ದಿನದ ಬೆಲೆ ಬರೆಸಿಕೊಳ್ಳಲು ವ್ಯಾಲ್ಯುವರರ ಬಳಿ ಬರತೊಡಗಿದರು.

ಸಬ್‌ರಿಜಿಸ್ಟ್ರಾರ್ ಕಚೇರಿಯ ದರ

ತೆರಿಗೆಯ ನಮೂನೆಗೆ ಸಮಾನಾಂತರವಾಗಿ ಬೆಳೆದದ್ದು ಆಸ್ತಿ ನೋಂದಣಿಗೆ ಸರ್ಕಾರ ಗೊತ್ತುಪಡಿಸುವ ಮಾರ್ಗಸೂಚಿ ದರ. ಕರ್ನಾಟಕ ಮುದ್ರಾಂಕ ಕಾಯ್ದೆಯ 45ಎ ಕಲಂ ಕಡಿಮೆ ಬೆಲೆ ತೋರಿಸಿದ ಪತ್ರಗಳನ್ನು ತಡೆಹಿಡಿಯಲು ಅವಕಾಶ ಕೊಟ್ಟರೆ, 45ಬಿ ಕಲಂ ದರ ನಿಗದಿಗೆ ಕೇಂದ್ರ ಮೌಲ್ಯಮಾಪನ ಸಮಿತಿಯನ್ನು ರಚಿಸಿತು. ನೋಂದಣಿಗಾಗಿ 2003ರಲ್ಲಿ ಕಾವೇರಿ ತಂತ್ರಾಂಶ, 2023ರಲ್ಲಿ ಕಾವೇರಿ 2.0 ಬಂದವು. 2023ರ ಅಕ್ಟೋಬರ್ 1ರಿಂದ ಪರಿಷ್ಕೃತ ದರಗಳು ಜಾರಿಯಾದವು. ಮಾರ್ಗಸೂಚಿ ದರವನ್ನೂ ಮಾರುಕಟ್ಟೆ ಬೆಲೆಯನ್ನೂ ಅಕ್ಕಪಕ್ಕ ಬರೆದು, ಎರಡರ ನಡುವೆ ದೊಡ್ಡ ಅಂತರವಿದ್ದರೆ ಕಾರಣ ಕೊಡುವುದು ಈಗ ವರದಿಗಳಲ್ಲಿ ರೂಢಿ.

ಬ್ಯಾಂಕಿನ ನಮೂನೆ

ಗೃಹಸಾಲ ಹೆಚ್ಚಿದಂತೆ ವರದಿಯ ಮುಖ್ಯ ಓದುಗ ತೆರಿಗೆ ಅಧಿಕಾರಿಯಿಂದ ಬ್ಯಾಂಕ್ ಮ್ಯಾನೇಜರಿಗೆ ಬದಲಾದ. ವಸೂಲಾಗದ ಸಾಲಕ್ಕೆ ಒತ್ತೆಯ ಆಸ್ತಿಯನ್ನು ಹರಾಜು ಹಾಕಲು 2002ರ ಸರ್ಫೇಸಿ ಕಾಯ್ದೆ ದಾರಿ ಮಾಡಿಕೊಟ್ಟಿತು. ಮಾರುವ ಮೊದಲು ಅನುಮೋದಿತ ವ್ಯಾಲ್ಯುವರರಿಂದ ಬೆಲೆ ಪಡೆಯುವುದನ್ನು ಅದರ ನಿಯಮಗಳು ಕಡ್ಡಾಯ ಮಾಡಿದವು. 2007ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ವ್ಯಾಲ್ಯುವರರ ಪ್ಯಾನೆಲ್ ರಚನೆಗೆ ಸೂಚನೆ ಹೊರಡಿಸಿ, 50 ಕೋಟಿ ರೂಪಾಯಿ ಅಥವಾ ಅದಕ್ಕೂ ಮೇಲಿನ ಆಸ್ತಿಗೆ ಕನಿಷ್ಠ ಎರಡು ಸ್ವತಂತ್ರ ವರದಿ ಬೇಕೆಂದಿತು. ಮುಂದೆ ರಾಷ್ಟ್ರೀಯ ವಸತಿ ಬ್ಯಾಂಕು ಮತ್ತು ಭಾರತೀಯ ಬ್ಯಾಂಕುಗಳ ಸಂಘ ಕೂಡಿ ಹೊರತಂದ ಕೈಪಿಡಿ, ವರದಿಯ ಮಾದರಿ ನಮೂನೆಗಳನ್ನೂ ಒದಗಿಸಿತು.

ಈ ನಮೂನೆಗಳ ಅತಿ ಬೆಲೆಬಾಳುವ ಭಾಗ ಚಕ್ಕುಬಂದಿಯದು. ನಾಲ್ಕು ದಿಕ್ಕಿಗೂ ಎರಡೆರಡು ಖಾನೆ: ಒಂದು ಪತ್ರದ ಪ್ರಕಾರ, ಇನ್ನೊಂದು ಸ್ಥಳದಲ್ಲಿ ಕಂಡಂತೆ. ಖರೀದಿ ಪತ್ರದಲ್ಲಿ ಪೂರ್ವಕ್ಕೆ ಬಯಲು ಎಂದಿದ್ದು ಸ್ಥಳದಲ್ಲಿ ಇನ್ನೊಬ್ಬರ ಮನೆ ನಿಂತಿದ್ದರೆ, ವ್ಯಾಲ್ಯುವರ್ ಅದನ್ನು ಬರೆಯದೆ ಮುಂದೆ ಹೋಗುವಂತಿಲ್ಲ. ಫೋಟೊ, ಅಕ್ಷಾಂಶ-ರೇಖಾಂಶ, ತುರ್ತು ಮಾರಾಟದ ಬೆಲೆ ಕೂಡ ವರದಿಯ ಭಾಗವಾದವು. ಬೆಲೆ ಕಟ್ಟುವವನಾಗಿದ್ದ ವ್ಯಾಲ್ಯುವರ್ ಹೀಗೆ ಅರ್ಧಕ್ಕರ್ಧ ಕಾಗದಪತ್ರ ತಾಳೆ ನೋಡುವವನೂ ಆದ.

2013ರ ಕಂಪನಿ ಕಾಯ್ದೆಯ 247ನೇ ಕಲಂ ಅಡಿ 2017ರ ಅಕ್ಟೋಬರಿನಲ್ಲಿ ಬಂದ ನಿಯಮಗಳು ಮತ್ತೊಂದು ಬಗೆಯ ನೋಂದಣಿ ತಂದವು. ದಿವಾಳಿತನ ಮಂಡಳಿಯ ಉಸ್ತುವಾರಿಯಲ್ಲಿ, ಜಮೀನು ಮತ್ತು ಕಟ್ಟಡ ಎಂಬ ಪ್ರತ್ಯೇಕ ವರ್ಗಕ್ಕೆ ತರಬೇತಿ, ಪರೀಕ್ಷೆ ಕಡ್ಡಾಯವಾದವು. ಸಿವಿಲ್ ಪದವೀಧರರಿಗೆ ಐದು ವರ್ಷದ ಅನುಭವ ಬೇಕಾಯಿತು. ದಶಕಗಳಿಂದ ವರದಿ ಬರೆಯುತ್ತಿದ್ದವರೂ ಈ ಕಾಯ್ದೆಯಡಿಯ ಕೆಲಸ ಬೇಕೆಂದರೆ ಕಂಪ್ಯೂಟರಿನ ಮುಂದೆ ಕುಳಿತು ಪರೀಕ್ಷೆ ಪಾಸಾಗಬೇಕಾಯಿತು.

ಗ್ರಾಮಠಾಣಾ: ಇ-ಸ್ವತ್ತು ಮತ್ತು ಸ್ವಾಮಿತ್ವ

ಧಾರವಾಡ ತಾಲ್ಲೂಕಿನ ಹೋಬಳಿ ಕೇಂದ್ರವಾದ ಗರಗ, ರಾಷ್ಟ್ರಧ್ವಜದ ಖಾದಿ ಬಟ್ಟೆಗೂ ಮಡಿವಾಳೇಶ್ವರ ಮಠಕ್ಕೂ ಹೆಸರಾದ ಊರು. ಇಂಥ ಊರುಗಳ ಮನೆಗೆ ಸಾಲ ಸಿಗುವ ದಾರಿ ಸುಗಮವಾಗಲು ಪಂಚಾಯಿತಿ ದಾಖಲೆ ಗಣಕೀಕೃತವಾಗಬೇಕಾಯಿತು. 2013ರಲ್ಲಿ ಇ-ಸ್ವತ್ತು ತಂತ್ರಾಂಶ ಜಾರಿಗೆ ಬಂತು. ಗ್ರಾಮಠಾಣಾದೊಳಗಿನ, ಇಲ್ಲವೇ ಭೂಪರಿವರ್ತನೆ ಮತ್ತು ವಿನ್ಯಾಸ ಅನುಮೋದನೆ ಪಡೆದ ಆಸ್ತಿಗಳಿಗೆ ನಮೂನೆ 9 ಮತ್ತು 11ಎ, ಉಳಿದವಕ್ಕೆ 11ಬಿ. ನಮೂನೆ 9 ಪಡೆಯಲು ಗ್ರಾಮಠಾಣಾ ಮನೆಯನ್ನು ಭೂಮಾಪಕರು ಅಳೆದು ಮೋಜಿಣಿ ನಕ್ಷೆ ಕೊಡಬೇಕು. 11ಬಿ ಆಸ್ತಿಗೆ ಸಾಲ ಕೊಡಲು ಬ್ಯಾಂಕುಗಳು ಸಾಮಾನ್ಯವಾಗಿ ಹಿಂಜರಿಯುವುದರಿಂದ, ಒಂದು ಅಕ್ಷರದ ವ್ಯತ್ಯಾಸ ಮನೆಯ ಮಾರುಕಟ್ಟೆಯನ್ನೇ ಕಿರಿದು ಮಾಡುತ್ತದೆ.

2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ಆರಂಭಿಸಿತು. ಡ್ರೋನ್ ಹಾರಿಸಿ ಜನವಸತಿ ಪ್ರದೇಶದ ನಕ್ಷೆ ತೆಗೆದು ಆಸ್ತಿ ಕಾರ್ಡ್ ಕೊಡುವುದು ಅದರ ಉದ್ದೇಶ. ಅದೇ ವರ್ಷದ ಅಕ್ಟೋಬರ್ 11ರಂದು ಕಾರ್ಡ್ ವಿತರಣೆ ಶುರುವಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ವಿಂಗೇಟನ ಭೂಮಾಪನದ ಸರಪಳಿ ಮುಟ್ಟದೆ ಬಿಟ್ಟ ಜಾಗಕ್ಕೆ ಅಳತೆ ಬಂದದ್ದು ಆಕಾಶದಿಂದ.

ಖಾನೆಗೆ ಸಿಗದ ಮನೆ

ಸಿದ್ಧ ನಮೂನೆಗಳು ಬಹುಪಾಲು ಆರ್‌ಸಿಸಿ ಮನೆಯನ್ನು ಕಣ್ಣಮುಂದಿಟ್ಟುಕೊಂಡವು. ಬಯಲುಸೀಮೆಯ ಹಳೆಯ ಮನೆಯೆಂದರೆ ದಪ್ಪ ಮಣ್ಣಿನ ಗೋಡೆ, ತೊಲೆ-ಜಂತಿ, ಮೇಲ್ಮುದ್ದೆಯ (ಮಣ್ಣು ಹೊದಿಸಿದ) ಮಾಳಿಗೆ, ಬೆಳಕಿಂಡಿ, ಒಳಗೇ ದನ ಕಟ್ಟುವ ಜಾಗ. ಉದಾಹರಣೆಗೆ, ಹೊರಗಿನಿಂದ 20 ಅಡಿಗೆ 40 ಅಡಿಯ ಮನೆ 800 ಚದರಡಿ. ಸುತ್ತ ಗೋಡೆ ಎರಡೂವರೆ ಅಡಿ ದಪ್ಪವಿದ್ದರೆ ಒಳಗೆ ಸಿಗುವುದು 15ಕ್ಕೆ 35, ಅಂದರೆ 525 ಚದರಡಿ. ಯಾವ ಅಳತೆಯ ಮೇಲೆ ದರ ಹಾಕಿದೆ ಎಂದು ಹೇಳದ ವರದಿ ಅಲ್ಲಿಗೇ ಅಡ್ಡದಾರಿ ಹಿಡಿದಂತೆ. ಅಣ್ಣತಮ್ಮಂದಿರ ವಾಟ್ನಿಯಾಗಿ (ಪಾಲಾಗಿ) ನಡುಗೋಡೆ ಇಬ್ಬರದಾಗಿದ್ದರೆ ಲೆಕ್ಕ ಇನ್ನಷ್ಟು ಸಿಕ್ಕು.

ಸವಕಳಿ ಲೆಕ್ಕವೂ ತೊಡಕಿನದೇ. ಕಟ್ಟಡದ ಆಯುಸ್ಸು 60 ವರ್ಷ, ಕೊನೆಗೆ ಉಳಿಯುವ ಮೌಲ್ಯ ಶೇ. 10 ಎಂದು ಹಿಡಿದರೆ, 30 ವರ್ಷದ ಮನೆಗೆ ಶೇ. 45 ಸವಕಳಿ. ನೂರು ವರ್ಷ ದಾಟಿಯೂ ಜನ ಬಾಳುತ್ತಿರುವ ಮಣ್ಣಿನ ಮನೆಗೆ ಈ ಸೂತ್ರ ಹಾಕಿದರೆ ಸಿಗುವುದು ಆ ಶೇ. 10 ಮಾತ್ರ. ಸಾಗವಾನಿಯ ತೊಲೆ, ಕೆತ್ತನೆಯ ಬಾಗಿಲುಗಳಿಗೆ ಹಳೆ ಮರದ ವ್ಯಾಪಾರಿ ಕೊಡುವ ಬೆಲೆ ಬೇರೆಯೇ ಇರುತ್ತದೆ. ಹೋಲಿಕೆಗೆ ಮಾರಾಟಗಳೂ ಕಡಿಮೆ, ಆದವೂ ಹೆಚ್ಚಾಗಿ ಸಂಬಂಧಿಕರ ನಡುವಿನವು. ಇಂಥ ಮನೆಯ ನಿಜವಾದ ಮೌಲ್ಯಮಾಪನ ಖಾನೆಗಳಲ್ಲಿ ಮುಗಿಯದೆ, ಕೊನೆಯ ಷರಾ ಕಾಲಮ್ಮಿಗೆ ಬಂದು ನಿಲ್ಲುತ್ತದೆ.

ಹೊರದೇಶದ ಅನುಭವ

ಅಮೆರಿಕದಲ್ಲಿ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳು 2011ರಿಂದ ಏಕರೂಪದ ದತ್ತಾಂಶ ಪದ್ಧತಿ ತಂದು, ಮನೆಯ ಸ್ಥಿತಿಗೆ ಸಿ1ರಿಂದ ಸಿ6, ಕಟ್ಟಡದ ಗುಣಮಟ್ಟಕ್ಕೆ ಕ್ಯೂ1ರಿಂದ ಕ್ಯೂ6 ಎಂಬ ದರ್ಜೆ ಕಡ್ಡಾಯ ಮಾಡಿದವು. ಹಲವು ನಮೂನೆಗಳ ಬದಲು, ಮನೆಗೆ ತಕ್ಕಂತೆ ಖಾನೆಗಳು ಹಿಗ್ಗುವ ಕುಗ್ಗುವ ಒಂದೇ ವರದಿಗೆ 2025ರ ಸೆಪ್ಟೆಂಬರಿನಿಂದ ಹಂತಹಂತವಾಗಿ ಬದಲಾವಣೆ ಆರಂಭವಾಗಿದ್ದು, 2026ರ ನವೆಂಬರ್ 2 ಕಡ್ಡಾಯದ ದಿನವೆಂದು ಗೊತ್ತಾಗಿದೆ. ವರ್ಣನೆಯ ಬದಲು ದರ್ಜೆ ಎಂಬ 2011ರ ಪದ್ಧತಿಯ ತತ್ವ 1847ರ ಆಣೆವಾರಿಗಿಂತ ದೂರದ್ದಲ್ಲ.

ಇಂದಿನ ಸ್ಥಿತಿ

ಭಾರತದಲ್ಲಿ ಎಲ್ಲ ಬ್ಯಾಂಕುಗಳಿಗೂ ಅನ್ವಯಿಸುವ ಒಂದೇ ಕಡ್ಡಾಯ ನಮೂನೆ ಇಲ್ಲ. ಒಂದೇ ಮನೆಗೆ ಎರಡು ಬ್ಯಾಂಕುಗಳಿಗೆ ಎರಡು ಬಗೆಯಲ್ಲಿ ವರದಿ ಬರೆಯಬೇಕಾಗಬಹುದು. ಎಂ.ಎಸ್. ಸಾಹೂ ಅಧ್ಯಕ್ಷತೆಯ ತಜ್ಞರ ಸಮಿತಿ 2020ರಲ್ಲಿ ವ್ಯಾಲ್ಯುವರರಿಗೇ ಪ್ರತ್ಯೇಕ ಕಾಯ್ದೆ ಮತ್ತು ರಾಷ್ಟ್ರೀಯ ಸಂಸ್ಥೆ ಬೇಕೆಂದು ಶಿಫಾರಸು ಮಾಡಿತು. ಒಂದೇ ನಮೂನೆ ಬಂದರೆ ಧಾರವಾಡದ ಬಡಾವಣೆಯ ಮನೆಗಳಿಗೆ ಕೆಲಸ ಹಗುರಾದೀತು. ಗ್ರಾಮಠಾಣಾದ ಮನೆಗೆ ಮಾತ್ರ ಮಣ್ಣಿನ ಗೋಡೆ, ಮೇಲ್ಮುದ್ದೆ, ಹಂಚಿಕೊಂಡ ನಡುಗೋಡೆಗಳಿಗೆ ತಮ್ಮದೇ ಖಾನೆಗಳು ಬೇಕು; ಅವಿಲ್ಲದ ನಮೂನೆಯಲ್ಲಿ ಆ ಮನೆಯ ಬೆಲೆ ಯಾವಾಗಲೂ ಕಡಿಮೆಯಾಗಿಯೇ ಕಾಣುತ್ತದೆ.