ಆರು ತುಂಬಿ ಏಳಕ್ಕೆ: ಗುಜರಾತಿನ ಮೂರು ನಗರಗಳಲ್ಲಿ ಬಸುರಿನ ಎರಡನೇ ತ್ರೈಮಾಸಿಕದ ಕೊನೆ

ಪೀಠಿಕೆ

ಬಸುರಿನ ಎರಡನೇ ತ್ರೈಮಾಸಿಕ 14ನೇ ವಾರದಿಂದ ಶುರುವಾಗಿ 28 ವಾರ ತುಂಬುವಲ್ಲಿಗೆ ಮುಗಿಯುತ್ತದೆ. ಅದರ ಕೊನೆಯ ನಾಲ್ಕು ವಾರಗಳು ಮನೆಯ ಲೆಕ್ಕದಲ್ಲಿ ಆರು ತುಂಬಿ ಏಳಕ್ಕೆ ಬೀಳುವ ಕಾಲ. ಮಧುಮೇಹದ ಎರಡನೇ ಪರೀಕ್ಷೆಯನ್ನು ವೈದ್ಯಶಾಸ್ತ್ರ ಈ ಅವಧಿಗೇ ಇಟ್ಟಿದೆ. ಗುಜರಾತಿ ಮನೆಗಳಲ್ಲೂ ಕನ್ನಡ ಮನೆಗಳಲ್ಲೂ ಚೊಚ್ಚಲ ಬಸುರಿಯ ಸೀಮಂತ ನಡೆಯುವುದು, ಆಕೆ ತವರಿಗೆ ಹೊರಡುವುದು ಬಹುಮಟ್ಟಿಗೆ ಇದೇ ಹೊತ್ತಿಗೆ. ಅಹಮದಾಬಾದ್, ವಡೋದರಾ, ಸೂರತ್ ನಗರಗಳನ್ನು ಮುಂದಿಟ್ಟುಕೊಂಡು ಈ ಕೂಡುವಿಕೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆಸ್ಪತ್ರೆಯ ವೇಳಾಪಟ್ಟಿಗೂ ಮನೆಯ ಪದ್ಧತಿಗೂ ಇಲ್ಲಿ ವಿರೋಧವಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವೊಂದೇ ಮುಖ್ಯ ಎಂಬುದು ಲೇಖನದ ವಾದ.

ದೇಹದಲ್ಲಿ ಆಗುವ ಬದಲಾವಣೆ

24ನೇ ವಾರಕ್ಕೆ ಸುಮಾರು 600 ಗ್ರಾಂ ಇರುವ ಶಿಶು 28ನೇ ವಾರಕ್ಕೆ ಒಂದು ಕಿಲೋ ಮುಟ್ಟುತ್ತದೆ. ಗರ್ಭಕೋಶದ ಮೇಲಂಚು ಹೊಕ್ಕುಳದಿಂದ ಮೇಲಕ್ಕೆ ಬರುತ್ತದೆ. ದಾದಿ ಟೇಪಿನಲ್ಲಿ ಹೊಟ್ಟೆಯ ಎತ್ತರ ಅಳೆದರೆ ಸಿಗುವ ಸೆಂಟಿಮೀಟರ್ ಸಂಖ್ಯೆ, ಒಂದೆರಡು ಹೆಚ್ಚುಕಡಿಮೆಯಾಗಿ, ವಾರದ ಸಂಖ್ಯೆಗೆ ಹೊಂದಬೇಕು. ಮಗು ಮಿಸುಕಾಡುವುದು ಈಗ ಸ್ಪಷ್ಟವಾಗಿ ತಿಳಿಯುತ್ತದೆ. ಎದೆಯುರಿ, ಸೊಂಟನೋವು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಸಂಜೆಗೆ ಪಾದ ಊದುವುದು, ಆಗೊಮ್ಮೆ ಈಗೊಮ್ಮೆ ಹೊಟ್ಟೆ ಬಿಗಿದು ಸಡಿಲವಾಗುವ ಸುಳ್ಳುನೋವು ಇವೆಲ್ಲ ಸಾಮಾನ್ಯ.

ಮುಖ ಮತ್ತು ಕೈ ಊದಿಕೊಂಡರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ ಅದು ಸಾಮಾನ್ಯವಲ್ಲ. 20 ವಾರಗಳ ನಂತರ ಬಿ.ಪಿ. 140/90 ಮುಟ್ಟಿದರೆ ಕೂಡಲೇ ಗಮನ ಬೇಕು. ರಕ್ತಸ್ರಾವ, ನೀರು ಸೋರುವುದು, ತಾಳ ಹಿಡಿದಂತೆ ಬರುವ ನೋವು, ಮಗುವಿನ ಚಲನೆ ಕುಗ್ಗುವುದು ಇವು ಆಸ್ಪತ್ರೆಗೆ ಹೊರಡಬೇಕಾದ ಲಕ್ಷಣಗಳು. ಅಕಾಲಿಕ ಹೆರಿಗೆಯ ಸೂಚನೆ ಕಂಡರೆ 24ರಿಂದ 34 ವಾರಗಳ ನಡುವೆ ಶಿಶುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಡುವ ನಿಯಮವನ್ನು ಭಾರತ ಸರ್ಕಾರ 2014ರಲ್ಲಿ ರೂಪಿಸಿತು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದು ತಂದೆಯದು ಪಾಸಿಟಿವ್ ಆಗಿದ್ದರೆ 28ನೇ ವಾರದ ಆಂಟಿ-ಡಿ ಚುಚ್ಚುಮದ್ದಿನ ವಿಚಾರವನ್ನು ವೈದ್ಯರೊಡನೆ ಮೊದಲೇ ಮಾತಾಡಿರಬೇಕು.

ಎರಡನೇ ಸಲದ ಶುಗರ್ ಪರೀಕ್ಷೆ

ಮಾಸು ಸ್ರವಿಸುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಅವುಗಳ ಪ್ರಭಾವ ಏರುವುದು ಸುಮಾರು 24ನೇ ವಾರದಿಂದ. ಹಾಗಾಗಿ ಮೂರನೇ ತಿಂಗಳಲ್ಲಿ ಶುಗರ್ ಸರಿಯಿತ್ತು ಎಂಬ ವರದಿ ಏಳನೇ ತಿಂಗಳಿಗೆ ಅನ್ವಯಿಸುವುದಿಲ್ಲ. ರಾಷ್ಟ್ರೀಯ ಮಾರ್ಗಸೂಚಿ ಮೊದಲ ಭೇಟಿಯಲ್ಲಿ ಒಮ್ಮೆ, 24–28 ವಾರಗಳಲ್ಲಿ ಮತ್ತೊಮ್ಮೆ ಪರೀಕ್ಷೆ ಕೇಳುತ್ತದೆ. 75 ಗ್ರಾಂ ಗ್ಲೂಕೋಸನ್ನು 300 ಮಿ.ಲೀ. ನೀರಿನಲ್ಲಿ ಕದಡಿ ಕುಡಿಸಿ, ಎರಡು ತಾಸಿನ ಬಳಿಕ ರಕ್ತ ತೆಗೆಯುತ್ತಾರೆ, 140 ಮಿ.ಗ್ರಾಂ ಅಥವಾ ಹೆಚ್ಚು ಬಂದರೆ ಗರ್ಭಾವಧಿ ಮಧುಮೇಹ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂಬ ಕಟ್ಟುಪಾಡಿಲ್ಲ. ಕುಡಿದ ಅರ್ಧ ತಾಸಿನೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಬೇಕು. ಖಾಸಗಿ ಆಸ್ಪತ್ರೆಗಳಲ್ಲಿ ಮೂರು ಸಲ ರಕ್ತ ತೆಗೆಯುವ ಅಂತರರಾಷ್ಟ್ರೀಯ ವಿಧಾನವೂ ರೂಢಿಯಲ್ಲಿದೆ. ಅದರ ಮಿತಿಗಳು ಖಾಲಿ ಹೊಟ್ಟೆಗೆ, ಒಂದು ತಾಸಿಗೆ, ಎರಡು ತಾಸಿಗೆ ಕ್ರಮವಾಗಿ 92, 180, 153.

ಈ ವಿಷಯದಲ್ಲಿ ಕನ್ನಡ ನಾಡಿನ ಸಾಕ್ಷ್ಯ ಹಳೆಯದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ನಡೆದ ಪಾರ್ಥೆನಾನ್ ಅಧ್ಯಯನ ಪರೀಕ್ಷಿಸಿದ ಗರ್ಭಿಣಿಯರಲ್ಲಿ ಸೇಕಡ 6.2 ಮಂದಿಗೆ ಗರ್ಭಾವಧಿ ಮಧುಮೇಹ ಕಂಡಿತ್ತು. ರೋಗ ಪತ್ತೆಯಾದರೆ ಮೊದಲ ಎರಡು ವಾರ ಊಟದ ಕ್ರಮ ಮತ್ತು ನಡಿಗೆಯೇ ಚಿಕಿತ್ಸೆ. ಆಗಲೂ ಊಟವಾದ ಎರಡು ತಾಸಿಗೆ ಶುಗರ್ 120ಕ್ಕಿಂತ ಕೆಳಗೆ ಬರದಿದ್ದರೆ ಔಷಧಿ. ದಾಲ್‌ಗೂ ಪಲ್ಯಕ್ಕೂ ಬೆಲ್ಲ ಸೇರುವ, ಬೆಳಗಿನ ತಿಂಡಿಗೆ ಫಾಫಡಾ–ಜಲೇಬಿ ಸೇರುವ ಗುಜರಾತಿ ಊಟದಲ್ಲಿ ಈ ಎರಡು ವಾರದ ಪಥ್ಯ ಸುಲಭವಲ್ಲ. 28ನೇ ವಾರದಲ್ಲಿ ಊರು ಬದಲಾದರೆ ಪಥ್ಯದ ಫಲ ನೋಡುವವರೂ ಬದಲಾಗುತ್ತಾರೆ.

ರಕ್ತಹೀನತೆ: ಗುಜರಾತಿನ ದೊಡ್ಡ ಪ್ರಶ್ನೆ

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಗುಜರಾತಿನ ಗರ್ಭಿಣಿಯರಲ್ಲಿ ಸೇಕಡ 62.6 ಮಂದಿ ರಕ್ತಹೀನರು. ಹಿಂದಿನ ಸಮೀಕ್ಷೆಯಲ್ಲಿ ಇದು 51.3 ಇತ್ತು. ಇಡೀ ದೇಶದ ಪ್ರಮಾಣ 52.2, ಕರ್ನಾಟಕದ್ದು 45.7. ಗರ್ಭಿಣಿಯ ರಕ್ತದ ಪ್ರಮಾಣ ಸೇಕಡ 40–50ರಷ್ಟು ಹಿಗ್ಗಿ, ಕೆಂಪುಕಣಗಳು ಆ ವೇಗಕ್ಕೆ ಹೆಚ್ಚದ ಕಾರಣ ಹಿಮೋಗ್ಲೋಬಿನ್ ಎರಡನೇ ತ್ರೈಮಾಸಿಕದ ಕೊನೆಗೆ ಹೇಗೂ ತಗ್ಗುತ್ತದೆ. ಮೊದಲೇ ಕೊರತೆ ಇದ್ದವರಲ್ಲಿ ಅದು ಅಪಾಯದ ಮಟ್ಟಕ್ಕೆ ಇಳಿಯುವುದು ಈಗಲೇ. ಆದ್ದರಿಂದ ಆರಂಭದ ರಕ್ತಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ.

2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, 60 ಮಿ.ಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ನಿಗದಿ ಮಾಡಿದೆ. ಕ್ಯಾಲ್ಸಿಯಂ ಮಾತ್ರೆ ಬೇರೆ, ದಿನಕ್ಕೆ ಎರಡು. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಹೀರಿಕೆಯಾಗುವುದು ಕಡಿಮೆ. ಊಟದ ಬೆನ್ನಿಗೆ ಚಹಾ ಕುಡಿದರೂ ಹಾಗೆಯೇ. ದಕ್ಷಿಣ ಗುಜರಾತಿನಲ್ಲಿ ಇನ್ನೊಂದು ಎಚ್ಚರ ಬೇಕು. ಸೂರತ್ ಸುತ್ತಲಿನ ಆದಿವಾಸಿ ಸಮುದಾಯಗಳಲ್ಲಿ ಸಿಕಲ್ ಸೆಲ್ ರೋಗವಿದೆ. ಸಿಂಧಿ, ಲೋಹಾಣಾ ಸಮುದಾಯಗಳಲ್ಲಿ ಥಲಸ್ಸೀಮಿಯಾ ವಾಹಕರು ಹೆಚ್ಚು. ಮಾತ್ರೆ ತಪ್ಪದೆ ನುಂಗಿಯೂ ಹಿಮೋಗ್ಲೋಬಿನ್ ಏರದಿದ್ದರೆ ಕಾರಣ ಬೇರೆಡೆ ಹುಡುಕಬೇಕು.

ಆಹಾರ ಪೂರೈಕೆಯಲ್ಲಿ ಎರಡು ರಾಜ್ಯಗಳ ದಾರಿ ಬೇರೆ. 2022ರ ಜೂನ್ 18ರಂದು ವಡೋದರಾದಲ್ಲಿ ಚಾಲನೆಗೊಂಡ ಗುಜರಾತಿನ ಮುಖ್ಯಮಂತ್ರಿ ಮಾತೃಶಕ್ತಿ ಯೋಜನೆ ತಿಂಗಳಿಗೆ 2 ಕಿಲೋ ಕಡಲೆ, 1 ಕಿಲೋ ತೊಗರಿಬೇಳೆ, 1 ಲೀಟರ್ ಎಣ್ಣೆಯನ್ನು ಮನೆಗೆ ಕೊಡುತ್ತದೆ. 2017ರ ಅಕ್ಟೋಬರ್ 2ರಂದು ಆರಂಭವಾದ ಕರ್ನಾಟಕದ ಮಾತೃಪೂರ್ಣ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸುತ್ತದೆ. ಮನೆಗೆ ಬಂದ ಬೇಳೆ ಮನೆಮಂದಿಗೆಲ್ಲ ಹಂಚಿಹೋಗಬಹುದು. ಅಂಗನವಾಡಿಯ ಊಟಕ್ಕೆ ಬಸುರಿ ದಿನವೂ ನಡೆದು ಹೋಗಬೇಕು. ದುಡಿಯುವ ನಗರದ ಹೆಂಗಸಿಗೆ ಮೊದಲನೆಯದೇ ಅನುಕೂಲ, ಬೇಳೆ ಆಕೆಯ ಪಾಲಿಗೆ ಉಳಿಯುವುದಾದರೆ.

ಬೇಸಿಗೆಯ ಬಸುರು

2010ರ ಮೇ ತಿಂಗಳಲ್ಲಿ ಅಹಮದಾಬಾದಿನ ತಾಪ 46.8 ಡಿಗ್ರಿಗೆ ಏರಿತು. ಆ ತಿಂಗಳು ಸಾಮಾನ್ಯಕ್ಕಿಂತ 1,344 ಸಾವು ಹೆಚ್ಚಾದವೆಂದು ಬಳಿಕದ ಅಧ್ಯಯನ ಲೆಕ್ಕ ಹಾಕಿತು. ನಗರದ ಶಾರದಾಬೆನ್ ಆಸ್ಪತ್ರೆಯ ನವಜಾತ ಶಿಶುಗಳ ದಾಖಲೆ ಪರಿಶೀಲಿಸಿದ ಸಂಶೋಧಕರಿಗೆ ಕಂಡ ಸಂಗತಿ ಸರಳವಾಗಿತ್ತು: ಹೆರಿಗೆ ವಾರ್ಡನ್ನು ಮೇಲಂತಸ್ತಿನಿಂದ ಕೆಳಗಿಳಿಸಿದ ಮೇಲೆ ತಾಪದಿಂದ ದಾಖಲಾಗುವ ಶಿಶುಗಳು ಸೇಕಡ 64ರಷ್ಟು ಕಡಿಮೆಯಾದವು. 2013ರಲ್ಲಿ ನಗರ ತನ್ನ ತಾಪ ನಿರ್ವಹಣಾ ಯೋಜನೆಯನ್ನು ಜಾರಿಗೆ ತಂದಿತು. ಏಪ್ರಿಲ್–ಮೇನಲ್ಲಿ ಏಳಕ್ಕೆ ಬೀಳುವ ಬಸುರಿಗೆ ಇದರಿಂದ ಪಾಠವಿದೆ. ನೀರಿನಂಶ ಕುಗ್ಗಿದರೆ ತಲೆಸುತ್ತು, ಮೂತ್ರದ ಸೋಂಕು, ಹೊಟ್ಟೆ ಬಿಗಿಯುವುದು ಹೆಚ್ಚುತ್ತವೆ. ತಾರಸಿಯ ಕೆಳಗಿನ ಕೋಣೆಗಿಂತ ಕೆಳಮನೆಯ ಕೋಣೆ ಲೇಸು; ಉಪವಾಸವಿದ್ದರೂ ನೀರು, ಮಜ್ಜಿಗೆ ಬಿಡಬಾರದು.

ಸೀಮಂತ, ತವರು, ಕಾರ್ಡು

ಗುಜರಾತಿನ ಹಲವು ಸಮುದಾಯಗಳಲ್ಲಿ ಐದನೇ ತಿಂಗಳಲ್ಲಿ ನಾದಿನಿ ಬಸುರಿಯ ಕೈಗೆ ರಾಖಡಿ ಕಟ್ಟುತ್ತಾಳೆ. ಏಳರಲ್ಲಿ ಖೋಳೋ ಭರವೋ, ಅಂದರೆ ಮಡಿಲು ತುಂಬುವ ಶಾಸ್ತ್ರ. ಅದಾದ ಮೇಲೆ ಹುಡುಗಿ ತವರಿಗೆ ಹೋಗುತ್ತಾಳೆ. ಹಳೆ ಮೈಸೂರಿನ ಸೀಮಂತ, ಉತ್ತರ ಕರ್ನಾಟಕದ ಕುಬಸ, ತುಳುನಾಡಿನ ಬಯಕೆ ಇದೇ ಬಳಗದವು. ಗೃಹ್ಯಸೂತ್ರಗಳು ತಿಂಗಳ ವಿಷಯದಲ್ಲಿ ಒಮ್ಮತದಲ್ಲಿಲ್ಲ: ಆಶ್ವಲಾಯನ ನಾಲ್ಕನೆಯದೆಂದರೆ ಪಾರಸ್ಕರ ಆರು ಅಥವಾ ಎಂಟು ಎನ್ನುತ್ತದೆ. ಏಳು ಎಂಬುದು ರೂಢಿಯಿಂದ ನೆಲೆನಿಂತ ತಿಂಗಳು. ಆದ್ದರಿಂದ ದಿನವನ್ನು ಒಂದೆರಡು ವಾರ ಹಿಂದೆಮುಂದೆ ಮಾಡಿದರೆ ಶಾಸ್ತ್ರಕ್ಕೆ ಭಂಗವಿಲ್ಲ.

ಸೂರತ್ತಿನಲ್ಲೋ ವಡೋದರಾದಲ್ಲೋ ಹೋಟೆಲು, ಕಾರ್ಖಾನೆ, ಬ್ಯಾಂಕಿನ ಕೆಲಸದಲ್ಲಿರುವ ಕರಾವಳಿಯ ಕುಟುಂಬದ ಬಸುರಿ ಕೊಂಕಣ ರೈಲು ಮಾರ್ಗದಲ್ಲಿ ಉಡುಪಿ, ಮಂಗಳೂರಿನ ತವರಿಗೆ ಹೊರಡುವಾಗ ರಾಜ್ಯವೇ ಬದಲಾಗುತ್ತದೆ. ಕೈಯಲ್ಲಿ ಗುಜರಾತಿನ ಮಮತಾ ಕಾರ್ಡು. ಇಳಿದ ಮೇಲೆ ಕೇಳುವುದು ಕರ್ನಾಟಕದ ತಾಯಿ ಕಾರ್ಡು. ಹೆಸರು ಹಿಡಿದು ತಾಯಂದಿರನ್ನು ಗುರುತಿಸುವ ಇ-ಮಮತಾ ವ್ಯವಸ್ಥೆಯನ್ನು ಗುಜರಾತ್ 2010ರಲ್ಲೇ ತಂದಿತ್ತು. ಆದರೂ ಲಿಪಿ ಬೇರೆ, ವೈದ್ಯರು ಬೇರೆ ಆದಾಗ ಬಸುರಿಯ ಕೈಯಲ್ಲಿರುವ ಕಾಗದವೇ ಕೊನೆಯ ಆಧಾರ. ‘ಊರಿಗೆ ಹೋಗಿ ಮಾಡಿಸೋಣ’ ಎಂದು ಮುಂದೂಡಿದ ಪರೀಕ್ಷೆ 28ನೇ ವಾರ ದಾಟಿದರೆ, ಪಥ್ಯಕ್ಕೂ ಕಬ್ಬಿಣದ ಚಿಕಿತ್ಸೆಗೂ ಸಿಗುವ ಸಮಯ ಅಷ್ಟಷ್ಟೇ ಕಿರಿದಾಗುತ್ತದೆ.

ಉಪಸಂಹಾರ

ಕ್ರಮ ಹೀಗಿರಬೇಕು: 24ನೇ ವಾರ ತುಂಬಿದೊಡನೆ ಶುಗರ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ, ವರದಿ ಬಂದ ಮೇಲೆ ಸೀಮಂತ, ವೈದ್ಯರ ಒಪ್ಪಿಗೆಯ ಮೇಲೆ ಪ್ರಯಾಣ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆ ಇದಕ್ಕೆ ಒದಗುತ್ತದೆ. ರಕ್ತದ ಗುಂಪು, ಬಿ.ಪಿ., ಹಿಮೋಗ್ಲೋಬಿನ್, ಶುಗರ್ ಈ ನಾಲ್ಕೂ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಕಾರ್ಡಿನ ಮೇಲೆ ಬರೆದಿರಬೇಕು. ಗುಜರಾತಿನ ಕನ್ನಡ, ತುಳು ಸಂಘಗಳು ಸೀಮಂತದ ಕರೆಯೋಲೆ ತಲುಪುವ ಮನೆಗಳಿಗೆಲ್ಲ ಈ ಮಾತನ್ನೂ ತಲುಪಿಸಲಿ.