ಬ್ಯಾಟುಗಾರರ ಪಟ್ಟಿಯೂ ಬರೆದಿಟ್ಟ ಲೆಕ್ಕವೂ

ಕ್ರಿಕೆಟ್ ಆಟದಲ್ಲಿ ಒಬ್ಬೊಬ್ಬ ಆಟಗಾರನು ತನ್ನ ಆಟದ ಆಯುಷ್ಯದಲ್ಲಿ ಗಳಿಸಿದ ಓಟಗಳನ್ನು ಕೂಡಿಸಿ, ಹೆಚ್ಚಿನವರನ್ನು ಮೇಲೆಯೂ ಕಡಿಮೆಯವರನ್ನು ಕೆಳಗೂ ಬರೆಯುವ ಪದ್ಧತಿಯುಂಟು. ಇಂತಹ ಪಟ್ಟಿಯು ನೋಡುವವರಿಗೆ ಕೇವಲ ಗಣಿತವೆಂದು ತೋರುವುದು ಸಹಜ. ಆದರೆ ಯಾವ ಪಂದ್ಯಗಳನ್ನು ಲೆಕ್ಕಕ್ಕೆ ಹಿಡಿದರು, ಯಾವುವನ್ನು ಬಿಟ್ಟರು, ಯಾವ ನಾಡಿನ ಹೆಸರಿಗೆ ಜಮೆ ಮಾಡಿದರು ಎಂಬುದನ್ನು ವಿಚಾರಿಸಿದರೆ ಅದೂ ಚರಿತ್ರೆಯ ಒಂದು ಅಧ್ಯಾಯವೇ ಆಗುವುದು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಜನರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುವುದು.

ರಣಜಿ ಪಂದ್ಯಾವಳಿಯ ಮೊದಲನೆಯ ಪಂದ್ಯವು 1934ನೆಯ ನವೆಂಬರ್ 4ರಂದು ಮದರಾಸಿನ ಚೆಪಾಕಿನಲ್ಲಿ ನಡೆಯಿತು. ಮೈಸೂರು ತಂಡವು 48 ಮತ್ತು 59 ಓಟಗಳಿಗೆ ಉರುಳಿ, ಒಂದೇ ದಿನದಲ್ಲಿ ಸೋತಿತು. ಇಂದಿನ ಕರ್ನಾಟಕ ತಂಡದ ಲೆಕ್ಕವು ಆರಂಭವಾಗುವುದು ಆ ಸೋಲಿನಿಂದಲೇ. ಆದರೆ ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬವು ಆಗ ನಿಜಾಮರ ಆಳ್ವಿಕೆಯಲ್ಲಿತ್ತು. 1937–38ರಲ್ಲಿ ನವಾನಗರದ ಮೇಲೆ ಗೆಲ್ಲಲು 310 ಓಟಗಳು ಬೇಕಾಗಿದ್ದಾಗ, ಐಬಾರಾ ಅವರು ಔಟಾಗದೆ 137 ಓಟಗಳನ್ನು ಹೊಡೆದು, ಹೈದರಾಬಾದಿಗೆ ಒಂದು ವಿಕೆಟ್ಟಿನಿಂದ ಜಯವನ್ನು ದೊರಕಿಸಿಕೊಟ್ಟರು. ರಾಯಚೂರು ಜಿಲ್ಲೆಯು ಸೇರಿದ್ದ ಸಂಸ್ಥಾನದ ವಿಜಯವದು. 1956ನೆಯ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಐಬಾರಾ ಅವರ ಓಟಗಳು ಹೈದರಾಬಾದಿನ ಲೆಕ್ಕದಲ್ಲಿಯೇ ಉಳಿದುವು. ಜನರು ಮನೆಯಿಂದ ಕದಲಲಿಲ್ಲ, ಗಡಿಯು ಕದಲಿತು.

ಒಟ್ಟು ಓಟಗಳ ಪಟ್ಟಿಗೆ ಮತ್ತೊಂದು ದೋಷವುಂಟು. 1956–57ರವರೆಗೆ ರಣಜಿಯಲ್ಲಿ ಒಮ್ಮೆ ಸೋತ ತಂಡವು ಮನೆಗೆ ಮರಳುತ್ತಿತ್ತು. ವರ್ಷಕ್ಕೆ ಒಂದೆರಡು ಪಂದ್ಯಗಳಾದರೆ ಅದೇ ಭಾಗ್ಯ. ಮುಂಬಯಿಯ ವಿಜಯ ಮರ್ಚೆಂಟರು ರಣಜಿಯಲ್ಲಿ ಗಳಿಸಿದುದು 3,639 ಓಟಗಳು ಮಾತ್ರ. ಆದರೆ ಅವರ ಸರಾಸರಿ 98.75. ವಲಯಗಳೊಳಗೆ ಎಲ್ಲರೂ ಎಲ್ಲರೊಡನೆ ಆಡುವ ಕ್ರಮವು ಬಂದ ಬಳಿಕ ಬ್ರಿಜೇಶ್ ಪಟೇಲರು ಕರ್ನಾಟಕದ ಪರವಾಗಿ ರಣಜಿಯಲ್ಲಿ 7,000ಕ್ಕೂ ಮಿಕ್ಕ ಓಟಗಳನ್ನು ಕೂಡಿಸಿದರು. 1967ರಲ್ಲಿ ಆಂಧ್ರದ ವಿರುದ್ಧ ಮೊದಲ ಪಂದ್ಯದಲ್ಲಿಯೇ 230 ಹೊಡೆದ ಗುಂಡಪ್ಪ ವಿಶ್ವನಾಥರು ಪ್ರಥಮ ದರ್ಜೆಯ ಆಟದಲ್ಲಿ ಒಟ್ಟು 17,970 ಓಟಗಳನ್ನು ಗಳಿಸಿದರು. ಇವರ ಯೋಗ್ಯತೆಯು ನಿಸ್ಸಂಶಯವಾದುದು. ಆದರೂ ಅವಕಾಶವನ್ನು ಗಮನಿಸದೆ ಮೊತ್ತವನ್ನಷ್ಟೇ ನೋಡುವುದು, ನಾಲೆಯ ನೀರುಂಡ ಗದ್ದೆಯೊಡನೆ ಮಳೆಯನ್ನೇ ನಂಬಿದ ಎರೆಹೊಲವನ್ನು ತೂಗಿದಂತಾಗುವುದು.

ಕಡಲಾಚೆಯ ಅಮೆರಿಕೆಯ ಬೇಸ್‌ಬಾಲ್ ಆಟವು ಈ ವಿಷಯದಲ್ಲಿ ದೊಡ್ಡ ಪಾಠವನ್ನು ಕಲಿಸಿದೆ. ಅಲ್ಲಿ ಟೈ ಕಾಬ್ ಎಂಬಾತನ ಜೀವಮಾನದ ಸರಾಸರಿಯೇ ಬಹುಕಾಲ ಅಗ್ರಸ್ಥಾನದಲ್ಲಿತ್ತು. ಕರಿಯರನ್ನು ಬಿಳಿಯರ ತಂಡಗಳಿಗೆ ಸೇರಿಸದಿದ್ದ ಕಾಲದಲ್ಲಿ ಅವರು ತಮ್ಮದೇ ಸಂಘಗಳನ್ನು ಕಟ್ಟಿಕೊಂಡು ಆಡಿದರು. ಆ ಲೆಕ್ಕವನ್ನು ಮಾತ್ರ ಯಾರೂ ಹಿಡಿಯಲಿಲ್ಲ. ಸಂಶೋಧಕರು ಹಳೆಯ ವೃತ್ತಪತ್ರಿಕೆಗಳನ್ನೂ ಅಂಕಪುಸ್ತಕಗಳನ್ನೂ ವರ್ಷಾನುವರ್ಷ ತಡಕಿದರು. 1920ರಿಂದ 1948ರವರೆಗಿನ ಆ ಸಂಘಗಳ 2,300ಕ್ಕೂ ಮಿಕ್ಕ ಆಟಗಾರರ ಲೆಕ್ಕವು 2024ರಲ್ಲಿ ಅಧಿಕೃತ ದಾಖಲೆಗೆ ಸೇರಿತು. ಆಗ ಜಾಷ್ ಗಿಬ್ಸನ್ನನ ಸರಾಸರಿಯು .372 ಎಂದಾಯಿತು, ಕಾಬನ.367 ಎರಡನೆಯ ಸ್ಥಾನಕ್ಕೆ ಇಳಿಯಿತು. ಗಿಬ್ಸನ್ 1947ರಲ್ಲಿಯೇ ತೀರಿಹೋಗಿದ್ದನು. ನ್ಯಾಯವು ಬಂದುದು ತಡವಾಗಿ, ಆದರೂ ಬಂದಿತು. ಯಾರೋ ಬರೆದಿಟ್ಟಿದ್ದರು, ಮತ್ತಾರೋ ಹುಡುಕಿದರು.

ಬರೆದಿಟ್ಟ ಹೆಸರಿನ ಬೆಲೆಯನ್ನು ಮಸ್ಕಿಯವರಿಗೆ ಬೇರೆಯವರು ತಿಳಿಸಬೇಕಾಗಿಲ್ಲ. ದೇವಾನಾಂಪ್ರಿಯನೆಂಬ ಬಿರುದು ದೇಶದ ಅನೇಕ ಬಂಡೆಗಳ ಮೇಲಿದ್ದಿತು. ಬಿರುದಿನೊಡನೆ ಅಶೋಕನೆಂಬ ಹೆಸರೂ ಮೊದಲು ಕಂಡುಬಂದುದು 1915ರಲ್ಲಿ ಗಣಿಯ ಇಂಜಿನಿಯರ್ ಬೀಡನ್ನರು ಗುರುತಿಸಿದ ಮಸ್ಕಿಯ ಶಾಸನದಲ್ಲಿ. ಚಕ್ರವರ್ತಿಗೇ ಹೀಗಾದಮೇಲೆ ತಾಲೂಕಿನ ಮೈದಾನದಲ್ಲಿ ಆಡುವ ತರುಣನ ಪಾಡೇನು? ಪಂದ್ಯ ಮುಗಿದ ಸಂಜೆ ಅಂಕಪುಸ್ತಕವನ್ನು ರದ್ದಿಗೆ ಹಾಕಿದರೆ ಅವನ ಆಟವು ಧೂಳಿನೊಡನೆ ಅಡಗುವುದು. ಶಾಲೆಗಳೂ ಸಂಘಗಳೂ ಆ ಪುಸ್ತಕಗಳಲ್ಲಿ ತಾರೀಖು, ಊರು, ಪೂರ್ಣ ಹೆಸರುಗಳನ್ನು ತುಂಬಿ ಕಾಪಾಡಿದರೆ, ಮುಂದೆ ಲೆಕ್ಕ ಕೇಳುವವರಿಗೆ ಈ ಸೀಮೆಯು ಬರಿಗೈಯನ್ನು ತೋರಿಸಬೇಕಾಗುವುದಿಲ್ಲ.